ವಯಸ್ಸಾದವರ ನೋವು: ಕೇಳಬೇಕು, ನೋಡಬೇಕು

ಎತ್ತು ಮೇವು ಬಿಟ್ಟರೆ, ಮೆಲುಕು ಹಾಕದಿದ್ದರೆ ಅದಕ್ಕೇನೋ ನೋವಿದೆ ಅಂತ ನಮಗೆ ತಕ್ಷಣ ಗೊತ್ತಾಗುತ್ತದೆ. ಮನೆಯ ಹಿರಿಯರ ನೋವು ಮಾತ್ರ 'ವಯಸ್ಸಾಯ್ತಲ್ಲ, ಇರೋದೇ' ಅನ್ನೋ ಮಾತಿನಲ್ಲಿ ಮುಚ್ಚಿಹೋಗುತ್ತದೆ. ವಯಸ್ಸೇ ಕಾಯಿಲೆಯಲ್ಲ. ನೋವಿಗೆ ಕಾರಣ ಹುಡುಕಬೇಕು.

ನಮ್ಮ ಅವ್ವನಿಗೆ ಎಂಬತ್ತು. ಕುಕ್ಕರಗಾಲಲ್ಲಿ ಕೂತು ಕಳೆ ತೆಗೆದು, ಕಡ್ಲೆಕಾಯಿ ಬಿಡಿಸಿ ಸವೆದ ಮಂಡಿ. ಕೇಳಿದರೆ 'ಏನಿಲ್ಲ ಬಿಡಪ್ಪ' ಅಂತಾಳೆ. ಮಕ್ಕಳಿಗೆ ಖರ್ಚಾದೀತು ಅನ್ನೋದು ಅವಳ ಚಿಂತೆ. ಅದಕ್ಕೆ ಬಿಡಿಸಿ ಕೇಳಬೇಕು: ಎಲ್ಲಿ ನೋವು? ಯಾವಾಗ ಹೆಚ್ಚು? ನಿದ್ದೆ ಬರುತ್ತಾ? ಡಾಕ್ಟರು ಸೊನ್ನೆಯಿಂದ ೧೦ರ ಲೆಕ್ಕದಲ್ಲಿ ಕೇಳುತ್ತಾರೆ. ನಾನು 'ರೂಪಾಯಿಗೆ ಎಷ್ಟಾಣೆ ನೋವು?' ಅಂತೀನಿ. 'ಹನ್ನೆರಡಾಣೆ' ಅಂದರೆ ಇಬ್ಬರಿಗೂ ಅರ್ಥವಾಗುತ್ತದೆ.

ಮರೆವಿನ ಕಾಯಿಲೆಯವರಿಗೆ ಹೇಳಲು ಆಗದು. ಮುಖ ಕಿವುಚುವುದು, ನರಳುವುದು, ಊಟ ಬಿಡುವುದು, ಮುಟ್ಟಿದರೆ ಕೈ ತಳ್ಳುವುದು, ಇದ್ದಕ್ಕಿದ್ದಂತೆ ಸಿಡುಕುವುದು ಇವೆಲ್ಲ ನೋವಿನ ಗುರುತು ಇರಬಹುದು.

ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ ತಿಂಗಳುಗಟ್ಟಲೆ ನುಂಗಿಸಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಮೂತ್ರಪಿಂಡ ಕೆಡಬಹುದು, ಬಿ.ಪಿ. ಏರಬಹುದು. ಮಲ ಟಾರಿನಂತೆ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪ್ಯಾರಾಸಿಟಮಾಲ್ ಇವುಗಳಿಗಿಂತ ಮೆದು, ಆದರೂ ಅಳತೆ ಮೀರಿದರೆ ಪಿತ್ತಜನಕಾಂಗಕ್ಕೆ ಕೆಡುಕು. ಶೀತದ ಮಾತ್ರೆಯಲ್ಲೂ ಅದೇ ಇರುತ್ತದೆ, ಲೆಕ್ಕಕ್ಕೆ ಸೇರಿಸಿ. ಬಡಕಲು ದೇಹದವರು, ಕುಡಿಯುವವರು ಡಾಕ್ಟರನ್ನು ಕೇಳದೆ ಅದನ್ನೂ ನುಂಗಬಾರದು.

ಮಂಡಿಗೆ ಮಾತ್ರೆಯಷ್ಟೇ ಮುಖ್ಯ ವ್ಯಾಯಾಮ. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ, ೫ ಎಣಿಸಿ ಇಳಿಸುವುದು. ಹೀಗೆ ೧೦ ಸಲ. ತೊಡೆ ಗಟ್ಟಿಯಾದಷ್ಟೂ ಮಂಡಿಗೆ ಹಗುರ. ಎಡ ಮಂಡಿ ನೋವಿದ್ದರೆ ಊರುಗೋಲು ಬಲಗೈಯಲ್ಲಿರಲಿ. ಬಿಸಿ ಶಾಖ ಒಳ್ಳೆಯದು, ಚರ್ಮ ಸುಡದಂತೆ ನೋಡಿಕೊಳ್ಳಿ. ನೆಲದಲ್ಲಿ ಕೂರುವುದನ್ನು ಬಿಡಿಸಿ.

ಬಿದ್ದ ಮೇಲೆ ಎದ್ದು ನಿಲ್ಲಲಾಗದಿದ್ದರೆ ಸೊಂಟದ ಕೀಲಿನ ಮೂಳೆ ಮುರಿದಿರಬಹುದು, ಎಣ್ಣೆ ನೀವಬೇಡಿ. ಜ್ವರದ ಜೊತೆ ಕೀಲು ಊದಿದರೆ, ಎದೆ ಹಿಂಡಿದರೆ, ನೋವಿನ ಜೊತೆ ತೂಕ ಇಳಿಯುತ್ತಿದ್ದರೆ ಮನೆಮದ್ದಿಗೆ ಕಾಯಬಾರದು. ಕ್ಯಾನ್ಸರ್ ನೋವನ್ನೂ ಹಲ್ಲು ಕಚ್ಚಿ ಸಹಿಸಬೇಕಿಲ್ಲ, ಅದಕ್ಕೆ ಮಾರ್ಫಿನ್ ಮಾತ್ರೆ ಇದೆ. ಅದರ ಕಾನೂನು ೨೦೧೪ರಲ್ಲಿ ಸಡಿಲವಾಯಿತು. ಡಾಕ್ಟರ ನಿಗಾದಲ್ಲಿ ಕೊಟ್ಟರೆ ಚಟ ಹತ್ತೀತೆಂದು ಹೆದರಬೇಕಿಲ್ಲ.

ದಿನವೂ ನೋವು ಎಷ್ಟಾಣೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಡಾಕ್ಟರ ಬಳಿ ಹೋಗುವಾಗ ಆ ಹಾಳೆಯನ್ನೂ, ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.