ಮಕ್ಕಳೊಂದಿಗೆ ಇಟಲಿಯಲ್ಲಿ ಸ್ಕೀಯಿಂಗ್: ಊರು ಆರಿಸುವುದು ಹೇಗೆ?

ಇಟಲಿಯ ಆಲ್ಪ್ಸ್‌ನಲ್ಲಿ ಸ್ಕೀ ತಾಣಗಳಿಗೆ ಬರವಿಲ್ಲ. ತಮ್ಮಲ್ಲಿ ಎಷ್ಟು ಕಿಲೋಮೀಟರ್ ಇಳಿಜಾರಿದೆ ಎಂಬುದನ್ನೇ ಎಲ್ಲವೂ ಹೊಗಳಿಕೊಳ್ಳುತ್ತವೆ. ಮೊದಲ ಸಲ ಹೋಗುವ ಕುಟುಂಬಕ್ಕೆ ಆ ಲೆಕ್ಕ ಬೇಡ. ಮನೆಯ ಅತಿ ಚಿಕ್ಕ ಮಗುವಿಗೂ ಸ್ಕೀ ಮುಟ್ಟದ ಅಜ್ಜಿಗೂ ಒಗ್ಗುವ ಊರು ಯಾವುದೆಂದು ನೋಡಿದರೆ ಸಾಕು.

ಹಂತ 1: ದಿನ ಗೊತ್ತುಮಾಡಿ
ಹೆಚ್ಚಿನ ಕಡೆ ಡಿಸೆಂಬರ್ ಆರಂಭದಿಂದ ಏಪ್ರಿಲ್ ಆರಂಭದವರೆಗೆ ಹಂಗಾಮು. ಕ್ರಿಸ್‌ಮಸ್‌ನಿಂದ ಜನವರಿ 6ರವರೆಗೆ ಮತ್ತು ಫೆಬ್ರವರಿ ಆಸುಪಾಸಿನ ಕಾರ್ನಿವಲ್ ರಜೆಯಲ್ಲಿ ನೂಕುನುಗ್ಗಲು, ದುಬಾರಿ ಬಾಡಿಗೆ. ಜನವರಿ ನಡುವೆ ದರ ಇಳಿಯುತ್ತದೆ, ಚಳಿ ಮಾತ್ರ ಕೊರೆಯುತ್ತದೆ. ಚಳಿ ರೂಢಿಯಿಲ್ಲದ ಮಕ್ಕಳಿಗೆ ಮಾರ್ಚ್ ವಾಸಿ. ಆಗ ಹಿಮ ಕರಗದೆ ಉಳಿದಿರಲು ಎತ್ತರದ ಊರನ್ನೇ ಆರಿಸಿ.

ಹಂತ 2: ನಕ್ಷೆಯಲ್ಲಿ ನೀಲಿ ಗೆರೆ ಹುಡುಕಿ
ಇಟಲಿಯಲ್ಲಿ ನೀಲಿ ಸುಲಭದ ದಾರಿ, ಕೆಂಪು ಮಧ್ಯಮ, ಕಪ್ಪು ಕಠಿಣ. ನೀಲಿ ಗೆರೆಗಳು ಒಂದಕ್ಕೊಂದು ಕೂಡಿಕೊಂಡಿರಬೇಕು. ನಡುವೆ ಕೆಂಪು ಬಂದರೆ ಹೊಸಬರು ಅಲ್ಲೇ ಸಿಕ್ಕಿಬೀಳುತ್ತಾರೆ. ಡೊಲೊಮೈಟ್ಸ್ ಪರ್ವತಗಳ ಆಲ್ಪೆ ದಿ ಸಿಯೂಸಿ ಸುಮಾರು 56 ಚದರ ಕಿ.ಮೀ. ಹರಡಿದ ಎತ್ತರದ ಹುಲ್ಲುಗಾವಲು, ಇಳಿಜಾರು ಸೌಮ್ಯ. ಆಲ್ತಾ ಬಾದಿಯಾದಲ್ಲೂ ಸುಲಭದ ದಾರಿಗಳು ಬೇಕಾದಷ್ಟಿವೆ. ಪಕ್ಕದ ಅರಬ್ಬಾ ಕಡಿದು; ಅದನ್ನು ಮುಂದಿನ ವರ್ಷಗಳಿಗೆ ಇಟ್ಟುಕೊಳ್ಳಿ.

ಹಂತ 3: ಸ್ಕೀ ಶಾಲೆಯನ್ನು ವಿಚಾರಿಸಿ
ಮಕ್ಕಳಿಗೆ ಪ್ರತ್ಯೇಕ ಅಂಗಳ, ನಿಂತರೆ ಮೇಲಕ್ಕೆ ಒಯ್ಯುವ ಮ್ಯಾಜಿಕ್ ಕಾರ್ಪೆಟ್ ಇದೆಯೇ? ಇಂಗ್ಲಿಷ್ ಬಲ್ಲ ಶಿಕ್ಷಕರಿದ್ದಾರೆಯೇ? ಒಂದು ಗುಂಪಿನಲ್ಲಿ ಎಷ್ಟು ಮಕ್ಕಳು? ಮಧ್ಯಾಹ್ನದ ಊಟ ಸೇರಿದೆಯೇ? ಕೋಣೆ ಕಾದಿರಿಸುವ ಮೊದಲೇ ಇಷ್ಟನ್ನು ಕೇಳಿ.

ಹಂತ 4: ಸ್ಕೀ ಮಾಡದವರನ್ನು ಮರೆಯಬೇಡಿ
ಹಿಮದಲ್ಲಿ ನಡೆಯುವ ಹಾದಿ, ಜಾರುಬಂಡಿ, ಕುದುರೆಗಾಡಿ ಇರುವ ಊರಾದರೆ ಹಿರಿಯರಿಗೂ ಹೊತ್ತು ಹೋಗುತ್ತದೆ. ಸಸ್ಯಾಹಾರಿಗಳು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯುವುದು ಒಳ್ಳೆಯದು. ಬೆಟ್ಟದ ಹೋಟೆಲಿನಲ್ಲಿ ಪಿಜ್ಜಾ, ಪಾಸ್ತಾ ಸಿಗುತ್ತದೆ; ಅನ್ನ-ಸಾರು ನೀವೇ ಮಾಡಿಕೊಳ್ಳಬೇಕು.

ಹಂತ 5: ದಾರಿ ಲೆಕ್ಕ ಹಾಕಿ
1,816 ಮೀಟರ್ ಎತ್ತರದ ಲಿವಿನ್ಯೊದಲ್ಲಿ ಹಿಮದ ಭರವಸೆ ಹೆಚ್ಚು, ತೆರಿಗೆಯಿಲ್ಲದ ಅಂಗಡಿಗಳೂ ಇವೆ. ಆದರೆ ವಿಮಾನ ನಿಲ್ದಾಣಗಳು ದೂರ, ಬೆಟ್ಟದ ತಿರುವುಗಳಲ್ಲಿ ಮಕ್ಕಳಿಗೆ ವಾಂತಿ ಬರಬಹುದು. ಕ್ರೊನ್‌ಪ್ಲಾಟ್ಸ್ ಸ್ಕೀ ತಾಣಕ್ಕಾದರೆ ಪೆರ್ಖಾ ರೈಲು ನಿಲ್ದಾಣದಿಂದಲೇ ಕೇಬಲ್ ಕಾರ್ ಹತ್ತಬಹುದು.

ಹಂತ 6: ನಿಯಮ, ಖರ್ಚು
2025ರ ನವೆಂಬರ್ 1ರಿಂದ ಎಲ್ಲ ವಯಸ್ಸಿನವರಿಗೂ ಹೆಲ್ಮೆಟ್ ಕಡ್ಡಾಯ. ಬೇರೆಯವರಿಗೆ ಆಗುವ ಹಾನಿಯನ್ನು ಭರಿಸುವ ವಿಮೆ 2022ರಿಂದಲೇ ಕಡ್ಡಾಯ. ಅದನ್ನು ಲಿಫ್ಟ್ ಪಾಸ್ ಜೊತೆಗೇ ಕೊಳ್ಳಬಹುದು. ನಿಮ್ಮ ಪ್ರವಾಸ ವಿಮೆ ಸ್ಕೀಯಿಂಗ್‌ನ ಗಾಯಗಳಿಗೂ ಅನ್ವಯಿಸುತ್ತದೆಯೇ ನೋಡಿಕೊಳ್ಳಿ. ಸ್ಕೀ, ಬೂಟು ಬಾಡಿಗೆಗೆ ಪಡೆದರೆ ಸಾಕು. ಸುಮಾರು 1,200 ಕಿ.ಮೀ. ವ್ಯಾಪ್ತಿಯ ಡೊಲೊಮಿತಿ ಸೂಪರ್‌ಸ್ಕೀ ಪಾಸ್ ಹೊಸಬರಿಗೆ ದಂಡ. ಸ್ಥಳೀಯ ಪಾಸ್ ಕೇಳಿ.

ಒಂದೇ ಹೆಸರು ಹೇಳಿ ಎಂದರೆ ಆಲ್ಪೆ ದಿ ಸಿಯೂಸಿ. ಹಗಲಲ್ಲಿ ಹೊರಗಿನ ಕಾರುಗಳನ್ನು ಅಲ್ಲಿಗೆ ಬಿಡುವುದಿಲ್ಲ, ಮಕ್ಕಳು ಬಿದ್ದರೂ ಮೆತ್ತನೆಯ ಇಳಿಜಾರು, ಅಜ್ಜಿ ನಡೆಯಲು ಸಮತಟ್ಟಾದ ಹಾದಿ. ಮೊದಲ ಪ್ರವಾಸಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.