ಖರೀದಿ ಪುಸ್ತಕ ಮತ್ತು 2ಬಿ ತಖ್ತೆ: ಕೋಷ್ಟಕ ಜೋಡಣೆಯ ಕ್ರಮ

ವರ್ತಕರ ಖರೀದಿಯ ಲೆಕ್ಕ ಇಂದು ಎರಡು ಕಡೆ ಇರುತ್ತದೆ. ಒಂದು, ಅವರೇ ಬರೆದಿಡುವ ಖರೀದಿ ಪುಸ್ತಕ. ಮತ್ತೊಂದು, ಸರಬರಾಜುದಾರರು ಸಲ್ಲಿಸಿದ ವಿವರಗಳಿಂದ ಜಿಎಸ್‌ಟಿ ಜಾಲತಾಣದಲ್ಲಿ ಸಿದ್ಧವಾಗುವ ಜಿಎಸ್‌ಟಿಆರ್-2ಬಿ ತಖ್ತೆ. 2022ರ ಜನವರಿ 1ರಿಂದ, ಸರಬರಾಜುದಾರರು ಸಲ್ಲಿಸಿ ಈ ತಖ್ತೆಯಲ್ಲಿ ಕಾಣಿಸಿಕೊಂಡ ಬಿಲ್ಲುಗಳಿಗೆ ಮಾತ್ರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುತ್ತದೆ. ಆದ್ದರಿಂದ ಇವೆರಡನ್ನೂ ಹೋಲಿಸುವುದು ಅನಿವಾರ್ಯ. ಬಿಲ್ಲುಗಳು ನೂರಾರಾದಾಗ ಎಸ್‌ಕ್ಯೂಎಲ್ ಭಾಷೆಯ 'ಜಾಯಿನ್' ಆಜ್ಞೆ ನೆರವಿಗೆ ಬರುತ್ತದೆ.

ಉದಾಹರಣೆಗೆ, ಪುಸ್ತಕದಲ್ಲಿ 4 ಬಿಲ್ಲುಗಳಿವೆ, ತೆರಿಗೆ ರೂ. 9,000, 5,400, 3,600 ಮತ್ತು 1,800, ಒಟ್ಟು ರೂ. 19,800. ತಖ್ತೆಯಲ್ಲಿ ರೂ. 3,600ರ ಬಿಲ್ಲು ಇಲ್ಲ, ಪುಸ್ತಕದಲ್ಲಿರದ ರೂ. 2,700ರ ಬಿಲ್ಲೊಂದಿದೆ. ಅದರ ಒಟ್ಟು ರೂ. 18,900.

'ಇನ್ನರ್ ಜಾಯಿನ್' ಎರಡೂ ಕಡೆ ಇರುವ 3 ಬಿಲ್ಲುಗಳನ್ನಷ್ಟೇ ಕೊಡುತ್ತದೆ. ಉಳಿದೆರಡು ಸದ್ದಿಲ್ಲದೆ ಮರೆಯಾಗುತ್ತವೆ. ವಿಚಾರಿಸಬೇಕಾದವು ಅವೇ. ಪುಸ್ತಕವನ್ನು ಮೊದಲಿಟ್ಟು 'ಲೆಫ್ಟ್ ಜಾಯಿನ್' ಬಳಸಿದರೆ 4 ಬಿಲ್ಲುಗಳೂ ಉಳಿದು, ರೂ. 3,600ರ ಎದುರು ತಖ್ತೆಯ ಅಂಕಣ ಖಾಲಿ ಕಾಣುತ್ತದೆ. 'ಫುಲ್ ಔಟರ್ ಜಾಯಿನ್' ಬಳಸಿದರೆ ರೂ. 2,700ರದೂ ಸೇರಿ 5 ಸಾಲುಗಳು ಬರುತ್ತವೆ. ಹೋಲಿಕೆಗೆ ಇದೇ ಯೋಗ್ಯ.

ಜೋಡಣೆಯ ಕೀಲಿಯನ್ನು ಎಚ್ಚರಿಕೆಯಿಂದ ಆರಿಸಬೇಕು. ಬಿಲ್ ಸಂಖ್ಯೆಯೊಂದೇ ಸಾಲದು. ಇಬ್ಬರು ಸರಬರಾಜುದಾರರ ಬಿಲ್ ಸಂಖ್ಯೆ ಒಂದೇ ಆಗಿರಬಹುದು, ಹೊಸ ಆರ್ಥಿಕ ವರ್ಷದಲ್ಲಿ ಅದೇ ಸಂಖ್ಯೆ ಮರಳಿಯೂ ಬರಬಹುದು. ಸರಬರಾಜುದಾರರ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ ಹಾಗೂ ಆರ್ಥಿಕ ವರ್ಷ, ಈ ಮೂರೂ ಕೂಡಿ ಕೀಲಿಯಾಗಬೇಕು. ಒಂದೆಡೆ '045', ಇನ್ನೊಂದೆಡೆ '45' ಎಂದಿದ್ದರೆ ಗಣಕಯಂತ್ರಕ್ಕೆ ಅವು ಬೇರೆ ಬೇರೆ. ಮುಂದಿನ ಸೊನ್ನೆ, ಗೆರೆ, ಖಾಲಿ ಜಾಗಗಳನ್ನು ತೆಗೆದ ರೂಪವನ್ನು ಪ್ರತ್ಯೇಕ ಅಂಕಣದಲ್ಲಿಟ್ಟು, ಮೂಲ ಸಂಖ್ಯೆಯನ್ನು ಹಾಗೆಯೇ ಉಳಿಸುವುದು ಲೇಸು. ಮೊತ್ತವನ್ನು ಕೀಲಿಗೆ ಸೇರಿಸಬಾರದು. ಪೈಸೆಗಳ ವ್ಯತ್ಯಾಸಕ್ಕೂ ಜೋಡಣೆ ತಪ್ಪುತ್ತದೆ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ರೂ. 9,000ರ ಬಿಲ್ಲು ಪುಸ್ತಕದಲ್ಲಿ ಸರಕಿಗೊಂದರಂತೆ 2 ಸಾಲು, ತಖ್ತೆಯಲ್ಲಿ ತೆರಿಗೆ ದರಕ್ಕೊಂದರಂತೆ 2 ಸಾಲು ಇದ್ದರೆ, ಜೋಡಿಸಿದಾಗ 4 ಸಾಲುಗಳಾಗಿ ತೆರಿಗೆ ರೂ. 18,000 ಎಂದು ತೋರುತ್ತದೆ. ಆದಕಾರಣ 'ಗ್ರೂಪ್ ಬೈ' ಆಜ್ಞೆಯಿಂದ ಎರಡೂ ಕಡೆ ಬಿಲ್ಲಿಗೊಂದೇ ಸಾಲು ಬರುವಂತೆ ಮೊತ್ತ ಕೂಡಿಸಿ, ಬಳಿಕವೇ ಜೋಡಿಸಬೇಕು.

ತಡವಾಗಿ ಸಲ್ಲಿಕೆಯಾದ ಬಿಲ್ಲು ಮುಂದಿನ ತಿಂಗಳುಗಳ ತಖ್ತೆಯಲ್ಲಿ ಬರುತ್ತದೆ. ಹೀಗಾಗಿ ಹಲವು ತಿಂಗಳ ತಖ್ತೆಗಳನ್ನು 'ಯೂನಿಯನ್ ಆಲ್' ಆಜ್ಞೆಯಿಂದ ಮೊದಲು ಒಂದರ ಕೆಳಗೊಂದು ಸೇರಿಸಿಕೊಳ್ಳಬೇಕು. ಬರಿಯ 'ಯೂನಿಯನ್' ಒಂದೇ ತೆರನಾದ ಸಾಲುಗಳಲ್ಲಿ ಒಂದನ್ನುಳಿಸಿ ಮಿಕ್ಕವನ್ನು ಕೈಬಿಡುತ್ತದೆ.

ಜೋಡಣೆ ಮುಗಿದ ಮೇಲೆ ಎರಡು ಕಡೆಯ ಒಟ್ಟು ಮೊತ್ತವನ್ನು ಮತ್ತೆ ತಾಳೆ ನೋಡಬೇಕು. ಮೇಲಿನ ಉದಾಹರಣೆಯಲ್ಲಿ ಅವು ರೂ. 19,800 ಮತ್ತು ರೂ. 18,900 ಆಗಿಯೇ ಉಳಿಯಬೇಕು. ಕಡಿಮೆಯಾದರೆ ಸಾಲುಗಳು ಕಳೆದಿವೆ, ಹೆಚ್ಚಾದರೆ ಇಮ್ಮಡಿಸಿವೆ ಎಂದರ್ಥ. ಒಂದು ಆರ್ಥಿಕ ವರ್ಷದ ಕ್ರೆಡಿಟ್ ಪಡೆಯಲು ಮುಂದಿನ ನವೆಂಬರ್ 30 ಅಥವಾ ವಾರ್ಷಿಕ ತಖ್ತೆಯ ಸಲ್ಲಿಕೆ, ಇವುಗಳಲ್ಲಿ ಮೊದಲು ಬರುವುದೇ ಗಡುವು. ಪ್ರತಿ ತಿಂಗಳೂ ಜೋಡಣೆ ಮಾಡುವ ವರ್ತಕರಿಗೆ ಬಿಟ್ಟುಹೋದ ಬಿಲ್ಲಿನ ಬಗ್ಗೆ ಸರಬರಾಜುದಾರರನ್ನು ಕೇಳಲು ಸಾಕಷ್ಟು ಕಾಲಾವಕಾಶ ಸಿಗುತ್ತದೆ.