ಬೆಲೆ ಇಳಿದ ವೇಗದ ಕಾರು: ಕುಂದಾಪುರ ಸೀಮೆಯಲ್ಲಿ ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಏಪ್ರಿಲ್, ಮೇ ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಒಳರಸ್ತೆಗಳಲ್ಲೂ ಮುಂಬೈ, ಬೆಂಗಳೂರು ನಂಬರಿನ ದೊಡ್ಡ ಕಾರುಗಳು ಕಾಣಿಸುತ್ತವೆ. ಹೊರಗೆ ಹೋಟೆಲು, ವ್ಯಾಪಾರ ಮಾಡಿಕೊಂಡವರು ಮದುವೆಗೆ, ಕೋಲಕ್ಕೆ, ಮನೆ ರಿಪೇರಿಗೆ ಊರಿಗೆ ಬರುವ ಕಾಲ ಅದು. ವಾಪಸು ಹೋಗುವಾಗ ಕೆಲವರು ಕಾರನ್ನು ಊರಲ್ಲೇ ಮಾರಿ ಹೋಗುತ್ತಾರೆ, ಇಲ್ಲವೇ ಮಾರಲು ಯಾರಿಗಾದರೂ ಹೇಳಿ ಹೋಗುತ್ತಾರೆ. ಹೊಸತಾಗಿ 70 ಲಕ್ಷವಿದ್ದ ಬಿಎಂಡಬ್ಲ್ಯು ಅಥವಾ ಬೆಂಜ್ ಈಗ ಒಂದು ಹೊಸ ಇನ್ನೋವಾದ ಬೆಲೆಗೆ ಸಿಗುತ್ತದೆ ಎಂದಾಗ ಆಸೆ ಹುಟ್ಟುವುದು ಸಹಜ. ಆ ಆಸೆ ತಪ್ಪಲ್ಲ. ಸರಿಯಾಗಿ ಆರಿಸಿಕೊಂಡರೆ ಇಂಥ ಕಾರು ನಿಜಕ್ಕೂ ಸಂತೋಷ ಕೊಡುತ್ತದೆ.

ಆದರೆ ಒಂದು ಮಾತನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಇಳಿದಿರುವುದು ಕಾರಿನ ಬೆಲೆ ಮಾತ್ರ. ಅದರ ಟೈರು, ಬ್ರೇಕ್ ಡಿಸ್ಕ್, ಗೇರ್‌ಬಾಕ್ಸ್, ಹೆಡ್‌ಲೈಟ್ ಯಾವುದರ ಬೆಲೆಯೂ ಇಳಿದಿಲ್ಲ. ಹೊರರಾಜ್ಯದ ಕಾರಾದರೆ ತೆರಿಗೆಯ ಲೆಕ್ಕವೂ ಹಳೇ ಬೆಲೆಯಿಂದಲೇ ಶುರುವಾಗುತ್ತದೆ. 30 ಲಕ್ಷ ಕೊಟ್ಟು ತಂದರೂ ನೀವು ಸಾಕುವುದು 70 ಲಕ್ಷದ ಕಾರನ್ನೇ.

ಮೊದಲು ಬೆಲೆ ಎಷ್ಟು ಇಳಿದಿದೆ, ಏಕೆ ಇಳಿದಿದೆ ನೋಡಿ

ಅಂದಾಜಿಗೆ ವಿಮೆಯ ಕೋಷ್ಟಕವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಕಾರಿನ ವಿಮಾ ಮೌಲ್ಯವನ್ನು ಮೊದಲ ವರ್ಷದ ಕೊನೆಗೆ ಶೇ. 15, ಎರಡನೇ ವರ್ಷ ಶೇ. 20, ಮೂರನೇ ವರ್ಷ ಶೇ. 30, ನಾಲ್ಕನೇ ವರ್ಷ ಶೇ. 40, ಐದನೇ ವರ್ಷ ಶೇ. 50 ಇಳಿಸಿ ಲೆಕ್ಕ ಹಾಕುತ್ತಾರೆ. 60 ಲಕ್ಷದ ಕಾರು ನಾಲ್ಕನೇ ವರ್ಷದಲ್ಲಿ ಈ ಲೆಕ್ಕಕ್ಕೆ 36 ಲಕ್ಷವಾಗುತ್ತದೆ. ಮಾರುವವರು 27 ಲಕ್ಷ ಹೇಳಿದರೆ ಲಾಭವಾಯಿತೆಂದು ಹಿಗ್ಗುವ ಮೊದಲು ಉಳಿದ 9 ಲಕ್ಷ ಯಾಕೆ ಬಿಟ್ಟರು ಎಂದು ಕೇಳಬೇಕು. ಉತ್ತರ ನೇರವಾಗಿರಲೂಬಹುದು: ಮಾದರಿ ಬದಲಾಗಿದೆ, ಕೊಳ್ಳುವವರು ಕಡಿಮೆ, ವಾರಂಟಿ ಮುಗಿದಿದೆ. ಉತ್ತರವೇ ಸಿಗದಿದ್ದರೆ ಆ ಕಾರು ಬೇಡ.

ವೇಗದ ಕಾರುಗಳಲ್ಲೂ ಎಲ್ಲದರ ಬೆಲೆ ಒಂದೇ ರೀತಿ ಬೀಳುವುದಿಲ್ಲ. 2021ರ ಮಾರ್ಚ್‌ನಲ್ಲಿ 62.9 ಲಕ್ಷ ರೂ. ಶೋರೂಂ ಬೆಲೆಗೆ ಬಂದ ಬಿಎಂಡಬ್ಲ್ಯು ಎಂ340ಐ ಚೆನ್ನೈ ಬಳಿಯ ಕಾರ್ಖಾನೆಯಲ್ಲಿ ಜೋಡಣೆಯಾದದ್ದು. 387 ಅಶ್ವಶಕ್ತಿಯ ಆರು ಸಿಲಿಂಡರ್ ಎಂಜಿನ್, ನೋಡಲು ಮನೆಮಂದಿಯ ಸೆಡಾನ್. ಇದನ್ನು ಕೇಳಿಕೊಂಡು ಬರುವವರು ಇದ್ದಾರೆ. ಅದೇ ತಿಂಗಳು ಬಂದ ಆಡಿ ಎಸ್5 ಪೂರ್ತಿ ಆಮದು ಕಾರು, ಬೆಲೆ 79 ಲಕ್ಷ ದಾಟಿತ್ತು. ಆಮದು ಕಾರಿನ ಒಂದು ಬಂಪರಿಗೂ ವಾರಗಟ್ಟಲೆ ಕಾಯಬೇಕಾಗಬಹುದು. ಮೊದಲ ಬಾರಿ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ: ಭಾರತದಲ್ಲಿ ಜೋಡಣೆಯಾದ ಮಾದರಿಗೇ ಅಂಟಿಕೊಳ್ಳಿ.

ಬೆಲೆ ಇಳಿಯಲು ಇನ್ನೊಂದು ಕಾರಣ ಕಾರಿನ ಹೊರಗಿದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ. 45ರಿಂದ 50ರಷ್ಟಿದ್ದ ತೆರಿಗೆ ಶೇ. 40ಕ್ಕೆ ಬಂತು. ಹೊಸ ಕಾರು ಅಗ್ಗವಾದಾಗ ಹಳೆಯದೂ ಅದರ ಹಿಂದೆಯೇ ಇಳಿಯಬೇಕು. ಅದಕ್ಕೂ ಹಿಂದಿನ ಬಿಲ್ಲು ತೋರಿಸಿ 'ನಾನು ಇಷ್ಟು ಕೊಟ್ಟಿದ್ದೆ' ಎನ್ನುವವರೊಂದಿಗೆ ಇವತ್ತಿನ ಹೊಸ ಬೆಲೆ ಇಟ್ಟುಕೊಂಡು ಮಾತಾಡಿ. ಬ್ರಿಟನ್ ಜೊತೆ 2025ರ ಜುಲೈ 24ರಂದು ಸಹಿಯಾದ ವ್ಯಾಪಾರ ಒಪ್ಪಂದದಲ್ಲೂ ಅಲ್ಲಿಂದ ಆಮದಾಗುವ ಕಾರಿನ ಸುಂಕವನ್ನು ಕೋಟಾದ ಮಿತಿಯೊಳಗೆ ಹಂತ ಹಂತವಾಗಿ ಶೇ. 10ಕ್ಕೆ ಇಳಿಸುವ ಮಾತಿದೆ. ಆಮದು ಕಾರನ್ನು ಹೂಡಿಕೆಯೆಂದು ಎಣಿಸುವವರು ಇದನ್ನು ಮರೆಯಬಾರದು.

ನಂಬರ್ ಪ್ಲೇಟ್ ಯಾವ ರಾಜ್ಯದ್ದು?

ನಮ್ಮ ಕಡೆಯವರು ಹೆಚ್ಚು ಎಡವುವುದು ಇಲ್ಲೇ. ಕರ್ನಾಟಕದಲ್ಲಿ 20 ಲಕ್ಷ ರೂ. ಮೀರಿದ ಕಾರಿಗೆ ಜೀವಿತಾವಧಿ ತೆರಿಗೆ ಶೇ. 18, ಅದರ ಮೇಲೆ ಸೆಸ್. ಹೊರರಾಜ್ಯದ ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ಕಡಿತ ಉಂಟು, ಆದರೆ ಎಣಿಕೆ ಶುರುವಾಗುವುದು ಕಾರು ಹೊಸದಾಗಿದ್ದಾಗಿನ ಬೆಲೆಯಿಂದ. ನೀವು ಕೊಟ್ಟ ಬೆಲೆ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 62.9 ಲಕ್ಷದ ಕಾರಿಗೆ ಶೇ. 18 ಅಂದರೆ 11.32 ಲಕ್ಷ. ಕಡಿತ ಕಳೆದರೂ ಕಟ್ಟಬೇಕಾದ್ದು ಲಕ್ಷಗಳಲ್ಲೇ ಉಳಿಯುತ್ತದೆ. ಮುಂಬೈಯ ಕಾರು ಬೆಂಗಳೂರಿನದಕ್ಕಿಂತ ಮೂರು ಲಕ್ಷ ಅಗ್ಗವೆಂದು ತಂದು, ಉಡುಪಿ ಆರ್‌ಟಿಒದಲ್ಲಿ ಕೆಎ 20 ನಂಬರ್ ಹಾಕಿಸುವಷ್ಟರಲ್ಲಿ ಆ ಉಳಿತಾಯ ಕರಗಿಹೋಗಬಹುದು. ಮುಂಗಡ ಕೊಡುವ ಮೊದಲೇ ಕಾರಿನ ಮೂಲ ಇನ್‌ವಾಯ್ಸ್ ಪ್ರತಿ ಹಿಡಿದು ಆರ್‌ಟಿಒದಲ್ಲಿ ತೆರಿಗೆ ಎಷ್ಟಾಗುತ್ತದೆಂದು ವಿಚಾರಿಸಿ.

ಹಳೇ ನಂಬರಿನಲ್ಲೇ ಓಡಿಸಿದರಾಯಿತು ಎನ್ನುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ 12 ತಿಂಗಳು ಮೀರಿ ಬೇರೆ ರಾಜ್ಯದಲ್ಲಿ ಇಟ್ಟುಕೊಂಡ ಕಾರಿಗೆ ಅಲ್ಲಿನ ನೋಂದಣಿ ಬೇಕೇಬೇಕು. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಇಲ್ಲಿನ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ಹಿಡಿಯಿತು. ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯಿಂದ ದಂಡ ಸೇರಿ 1.4 ಕೋಟಿ ರೂ. ಮೀರಿದ ಮೊತ್ತ ವಸೂಲಾಯಿತು.

ಹಾಗಾಗಿ ಕುಂದಾಪುರದವರು ಹುಡುಕಲು ಒಳ್ಳೆಯ ಜಾಗ ಬೆಂಗಳೂರು ಮತ್ತು ಮಂಗಳೂರು. ಕರ್ನಾಟಕದ ಕಾರಾದರೆ ತೆರಿಗೆ ಮತ್ತೆ ಕಟ್ಟಬೇಕಿಲ್ಲ, ಫಾರಂ 29 ಮತ್ತು 30ರಲ್ಲಿ ಮಾಲೀಕತ್ವ ಬದಲಾದರೆ ಸಾಕು. ಹೊರರಾಜ್ಯದ್ದಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ, ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಜೊತೆ ಫಾರಂ 35, ಇಲ್ಲಿ ಹೊಸ ನಂಬರಿಗೆ ಫಾರಂ 27 ಬೇಕು. ಎನ್‌ಒಸಿ ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ.

ದೆಹಲಿಯ ಹಳೆ ಡೀಸೆಲ್ ಕಾರುಗಳ ಬಗ್ಗೆ ಒಂದು ಮಾತು. ಅಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ನಿರ್ಬಂಧ ಬಂದಂದಿನಿಂದ ಒಂಬತ್ತನೇ ವರ್ಷದ ಬೆಂಜ್, ಆಡಿಗಳು ಆಶ್ಚರ್ಯದ ಬೆಲೆಗೆ ದಕ್ಷಿಣಕ್ಕೆ ಬರತೊಡಗಿದವು. ಬೆಲೆ ಎಷ್ಟೇ ಕಡಿಮೆಯಿದ್ದರೂ ಅಷ್ಟು ವಯಸ್ಸಾದ ಕಾರನ್ನು ಮುಂದೆ ನಿಮ್ಮಿಂದ ಕೊಳ್ಳುವವರು ಯಾರು ಎಂದು ಯೋಚಿಸಿ.

ಕಾರನ್ನು ಮಳೆಯಲ್ಲಿ ನೋಡಿ

ಸಾಧ್ಯವಾದರೆ ಜೂನ್, ಜುಲೈಯಲ್ಲಿ ನೋಡಿ. ಕೊಳ್ಳುವವರು ಕಡಿಮೆಯಿರುವುದರಿಂದ ಚೌಕಾಶಿಗೆ ಜಾಗವಿರುತ್ತದೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಊರಿನಲ್ಲಿ ಓಡಬೇಕಾದ ಕಾರು ಮಳೆಗೆ ಹೇಗೆ ತಡೆಯುತ್ತದೆ ಎಂಬುದೂ ಕಣ್ಣಿಗೇ ಕಾಣುತ್ತದೆ. ಸನ್‌ರೂಫಿನ ನೀರು ಇಳಿಯುವ ಕೊಳವೆಗೆ ಎಲೆ, ಧೂಳು ಕಟ್ಟಿಕೊಂಡರೆ ನೀರು ಸೀಟಿನಡಿಗೆ ಇಳಿಯುತ್ತದೆ. ನೆಲದ ಹಾಸು ಎತ್ತಿ ಕೈಯಿಟ್ಟು ನೋಡಿ. ಡಿಕ್ಕಿಯ ತಳವನ್ನೂ ನೋಡಿ. ಬಿಎಂಡಬ್ಲ್ಯುನ ಹಲವು ಮಾದರಿಗಳಲ್ಲಿ ಬ್ಯಾಟರಿ ಇರುವುದೇ ಡಿಕ್ಕಿಯಲ್ಲಿ, ಅಲ್ಲಿ ನೀರು ನಿಂತರೆ ಎಲೆಕ್ಟ್ರಾನಿಕ್ಸ್ ಒಂದೊಂದಾಗಿ ಕೈಕೊಡುತ್ತದೆ.

ಮುಳುಗಿದ ಕಾರಿನ ಭಯ ಸುಳ್ಳಲ್ಲ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಯಮಲೂರಿನ ಬಂಗಲೆಗಳ ಅಂಗಳದಲ್ಲಿ ಕೋಟಿ ಬೆಲೆಯ ಕಾರುಗಳು ನೀರಿನಲ್ಲಿ ನಿಂತಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ವಿಮಾ ಕಂಪನಿ ಪೂರ್ತಿ ನಷ್ಟವೆಂದು ತೀರ್ಮಾನಿಸಿದ ಕಾರು ಹರಾಜಿಗೆ ಹೋಗುತ್ತದೆ, ಹರಾಜಿನಲ್ಲಿ ಕೊಂಡವರು ತೊಳೆದು ಹೊಳಪಿಸಿ ಮತ್ತೆ ಮಾರುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ವಯರಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಕಂಡರೆ ಮಾತು ಅಲ್ಲಿಗೇ ಮುಗಿಸಿ.

ನಮ್ಮ ಕರಾವಳಿಯದ್ದೇ ಆದ ಎರಡು ಸಂಗತಿಗಳಿವೆ. ಮೊದಲನೆಯದು ಉಪ್ಪುಗಾಳಿ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಸಮುದ್ರ. ತ್ರಾಸಿಯಿಂದ ಬೈಂದೂರು, ಶಿರೂರಿನವರೆಗೆ ಕಡಲಿಗೆ ಹತ್ತಿರದ ಮನೆಗಳಲ್ಲಿ ನಿಂತ ಕಾರಿನ ಸೈಲೆನ್ಸರ್ ಕ್ಲ್ಯಾಂಪು, ಬ್ರೇಕ್ ಪೈಪು, ಎಸಿ ಕಂಡೆನ್ಸರಿನ ಎಸಳು ಬೇಗ ತಿನ್ನಿಸಿಕೊಳ್ಳುತ್ತವೆ. ಬಾಡಿ ಹೊಳೆಯುತ್ತಿರುತ್ತದೆ, ತುಕ್ಕು ಅಡಿಯಲ್ಲಿರುತ್ತದೆ. ಲಿಫ್ಟಿಗೆ ಏರಿಸದೆ ಕೊಳ್ಳಲೇಬೇಡಿ.

ಎರಡನೆಯದು ಊರ ಶೆಡ್ಡಿನ ಕಾರು. ಮಾಲೀಕರು ಮುಂಬೈಯಲ್ಲೋ ದುಬೈಯಲ್ಲೋ ಇರುತ್ತಾರೆ, ಕಾರು ವರ್ಷದ ಹತ್ತು ತಿಂಗಳು ಮನೆಯ ಶೆಡ್ಡಿನಲ್ಲಿ. ಆರು ವರ್ಷಕ್ಕೆ 14 ಸಾವಿರ ಕಿಲೋಮೀಟರ್ ಎಂದರೆ ಯಾರಿಗಾದರೂ ಕಣ್ಣರಳುತ್ತದೆ. ನನಗೆ ಮಾತ್ರ ಅಂಥ ಕಾರಿಗಿಂತ ವರ್ಷಕ್ಕೆ ಹತ್ತು ಸಾವಿರ ಓಡಿ ಹೊತ್ತಿಗೆ ಸರಿಯಾಗಿ ಸರ್ವೀಸ್ ಆದ ಕಾರೇ ಮೇಲು. ನಿಂತ ಕಾರಿನಲ್ಲಿ ಬ್ಯಾಟರಿ ಸಾಯುತ್ತದೆ, ಟೈರಿನ ಒಂದು ಭಾಗ ಚಪ್ಪಟೆಯಾಗುತ್ತದೆ, ಬ್ರೇಕ್ ಎಣ್ಣೆ ತೇವ ಹೀರುತ್ತದೆ, ಚರ್ಮದ ಸೀಟಿಗೆ ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ. ಗದ್ದೆಯ ಬದಿಯ ಮನೆಯಾದರೆ ಇಲಿ ವಯರು ಕಡಿದಿರುತ್ತದೆ. ವೇಗದ ಕಾರಿನ ವಯರಿಂಗ್ ಗೊಂಚಲು ಬದಲಿಸುವ ಖರ್ಚನ್ನು ಕೇಳಿದ ಮೇಲೆ ಕಡಿಮೆ ಕಿಲೋಮೀಟರಿನ ಮೋಹ ಇಳಿಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆ ಅಚ್ಚಾಗಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದ ಟೈರು. ಎಷ್ಟೇ ಟ್ರೆಡ್ ಉಳಿದಿದ್ದರೂ ನಾಲ್ಕನ್ನೂ ಬದಲಿಸುವ ಖರ್ಚು ಬೆಲೆಯಿಂದ ಕಳೆಯಿರಿ.

ದಾಖಲೆ ಮತ್ತು ಸ್ಕ್ಯಾನರ್

ಕಾರು ಕಂಪನಿಯ ಸರ್ವೀಸ್ ಕೇಂದ್ರದಲ್ಲಿ ಮಾಲೀಕರ ಒಪ್ಪಿಗೆಯಿಂದ ಷಾಸಿ ನಂಬರಿನ ಮೇಲೆ ಪೂರ್ತಿ ಇತಿಹಾಸ ತೆಗೆಸಿ. ಮಾಲೀಕರು ಒಪ್ಪದಿದ್ದರೆ ಅದೇ ನಿಮಗೆ ಸಿಕ್ಕ ಉತ್ತರ. ಮೀಟರ್ ತಿರುಗಿಸಿದ್ದರೂ ಓಡಿದ ದೂರ ಕಾರಿನ ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಉಳಿದಿರುತ್ತದೆ, ಆ ಬ್ರಾಂಡಿನ ಸ್ಕ್ಯಾನರ್ ಅದನ್ನು ತೋರಿಸುತ್ತದೆ. ಪರಿವಾಹನ್ ಜಾಲತಾಣದಲ್ಲಿ ಸಾಲ, ಬ್ಲ್ಯಾಕ್‌ಲಿಸ್ಟ್, ಬಾಕಿ ದಂಡ ನೋಡಿ. ಪವರ್ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಿಸಿದ್ದಾರೆಯೇ ಎಂದು ನೇರವಾಗಿ ಕೇಳಿ. ಯುವಕರು ಇದನ್ನು ಹೆಚ್ಚುಗಾರಿಕೆಯೆಂದು ಹೇಳಿಕೊಳ್ಳುತ್ತಾರೆ, ಆದರೆ ಅಂಥ ಕಾರಿನ ವಾರಂಟಿ ಹೋದ ಹಾಗೆಯೇ.

ವ್ಯಾಪಾರಿಯಿಂದ ಕೊಳ್ಳುವುದಾದರೆ 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಅವರ ಬಳಿ ಆರ್‌ಟಿಒ ಅಧಿಕಾರ ಪತ್ರ ಇರಬೇಕು. ಕಂಪನಿಗಳ ದೃಢೀಕೃತ ಹಳೆ ಕಾರು ವಿಭಾಗದಲ್ಲಿ ಬೆಲೆ ಸ್ವಲ್ಪ ಜಾಸ್ತಿ, ಆದರೆ ವಾರಂಟಿ ಸಿಗುತ್ತದೆ. ನಮ್ಮೂರಿಗೆ ಇದರ ತೂಕ ಹೆಚ್ಚು, ಯಾಕೆಂದರೆ ಕುಂದಾಪುರದಿಂದ ಮಂಗಳೂರಿಗೆ ಸುಮಾರು 90 ಕಿ.ಮೀ., ಬೈಂದೂರಿನಿಂದ ಇನ್ನೂ ದೂರ. ಒಂದು ಸೆನ್ಸರ್ ಕೆಟ್ಟರೂ ಫ್ಲಾಟ್‌ಬೆಡ್ ಲಾರಿಯ ಮೇಲೆ ಹೋಗಬೇಕು. 'ಕಾರ್ ಚಂದ ಇತ್ತ್, ಸರ್ವೀಸಿಗೆ ಎಲ್ಲಿಗೆ ಹೋಪ್ದ್' ಎಂದು ಹಿರಿಯರು ಕೇಳಿದರೆ ಅದಕ್ಕೆ ನಿಮ್ಮ ಬಳಿ ಉತ್ತರವಿರಬೇಕು.

ವಿಮೆ

ಕಾರು ನಿಮ್ಮದಾದ 14 ದಿನಗಳಲ್ಲಿ ವಿಮೆ ನಿಮ್ಮ ಹೆಸರಿಗೆ ಬರಲು ಅರ್ಜಿ ಕೊಡಬೇಕು. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಯೇ ಹೋಗುತ್ತದೆ, ಆದ್ದರಿಂದ ಅವರು ಕಟ್ಟುತ್ತಿದ್ದ ಪ್ರೀಮಿಯಂ ನಿಮಗೆ ಸಿಗದು. ಝೀರೋ ಡಿಪ್ರಿಸಿಯೇಷನ್ ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ, ಏರ್‌ಬ್ಯಾಗಿಗೆ ಅರ್ಧ ಮಾತ್ರ ಸಿಗುತ್ತದೆ. ಐದು ವರ್ಷ ದಾಟಿದ ಕಾರಿಗೆ ಈ ರಕ್ಷಣೆ ಕೊಡಲು ಹೆಚ್ಚಿನ ಕಂಪನಿಗಳು ಹಿಂಜರಿಯುತ್ತವೆ. ಎಂಜಿನ್ ಪ್ರೊಟೆಕ್ಟ್ ಮಾತ್ರ ಬಿಡಲೇಬೇಡಿ. ನೆಲಕ್ಕೆ ತಗ್ಗಾಗಿ ಕುಳಿತ ಕಾರು ತುಂಬಿದ ತೋಡಿನ ನೀರು ಎಳೆದುಕೊಂಡು ಎಂಜಿನ್ ಮುರಿದರೆ ಸಾಮಾನ್ಯ ಪಾಲಿಸಿ ಅದನ್ನು ಕೊಡುವುದಿಲ್ಲ.

ಮಾರುವಾಗ

ಕೊಂಡ ದಿನವೇ ಮಾರುವ ದಿನ ಗೊತ್ತುಮಾಡಿಕೊಳ್ಳಿ. ಮೂರು ವರ್ಷದ ಕಾರು ಕೊಂಡು ಐದು ತುಂಬುವ ಮೊದಲು ಮಾರಿದರೆ ಝೀರೋ ಡಿಪ್ರಿಸಿಯೇಷನ್ ವಿಮೆ, ವಿಸ್ತರಿಸಿದ್ದರೆ ವಾರಂಟಿ, ಎರಡೂ ಇನ್ನೂ ಉಸಿರಾಡುತ್ತಿರುತ್ತವೆ. ಆರನೇ ವರ್ಷಕ್ಕೆ ಕಾಲಿಟ್ಟ ಮೇಲೆ ಕೊಳ್ಳುವವರ ಸಂಖ್ಯೆ ಥಟ್ಟನೆ ಇಳಿಯುತ್ತದೆ. ಮಾರಲು ಮಳೆಗಾಲಕ್ಕೆ ಮೊದಲಿನ ಎರಡು ತಿಂಗಳೇ ಒಳ್ಳೆಯದು, ಹೊರಗಿನವರು ಊರಲ್ಲಿರುವ ಹೊತ್ತು ಅದು. ಸರ್ವೀಸ್ ಬಿಲ್ಲು, ಎರಡೂ ಕೀ, ಟೈರ್ ಬಿಲ್ಲು ಒಂದೇ ಕಡತದಲ್ಲಿರಲಿ. ಎರಡನೇ ಕೀ ಇಲ್ಲದ ಕಾರಿನ ಬೆಲೆ ಅಲ್ಲೇ ಕಡಿಮೆಯಾಗುತ್ತದೆ.

ಕಾರು ಹೋಟೆಲ್ ಅಥವಾ ಸಂಸ್ಥೆಯ ಹೆಸರಿನಲ್ಲಿದ್ದು ಜಿಎಸ್‌ಟಿ ನೋಂದಣಿ ಇದ್ದರೆ, ಸವಕಳಿ ಕಳೆದ ಪುಸ್ತಕದ ಬೆಲೆಗಿಂತ ಹೆಚ್ಚಿಗೆ ಮಾರಿದ ಅಂತರದ ಮೇಲೆ ಶೇ. 18 ಜಿಎಸ್‌ಟಿ ಬರುತ್ತದೆ. ಇದನ್ನು ಲೆಕ್ಕಪರಿಶೋಧಕರ ಬಳಿ ಮೊದಲೇ ಕೇಳಿಕೊಳ್ಳಿ.

ಕೀ ಕೊಟ್ಟ ಕೂಡಲೇ ಜವಾಬ್ದಾರಿ ಮುಗಿಯುವುದಿಲ್ಲ. ಕಾರು ಮಾರಿದರೂ ಆರ್‌ಸಿಯಲ್ಲಿ ಹೆಸರು ಉಳಿದಿದ್ದವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ತಾರೀಖು, ಗಂಟೆ ಬರೆದ ಹಸ್ತಾಂತರ ಪತ್ರಕ್ಕೆ ಸಹಿ ಹಾಕಿಸಿ. ಒಂದೇ ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಫಾರಂ 29ನ್ನು ಆರ್‌ಟಿಒಗೆ ಮುಟ್ಟಿಸಿ, ವ್ಯಾಪಾರಿಗೆ ಕೊಟ್ಟಿದ್ದರೆ ಅವರ ಜೊತೆ ಫಾರಂ 29ಸಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಆಮೇಲೂ ತಿಂಗಳೆರಡು ಕಳೆದು ಪರಿವಾಹನ್‌ನಲ್ಲಿ ಹೆಸರು ಬದಲಾಗಿದೆಯೇ ಎಂದು ನೋಡಿ. ಬದಲಾಗದಿದ್ದರೆ ಹಸ್ತಾಂತರ ಪತ್ರ ಅಥವಾ ಆ ಸ್ವೀಕೃತಿ ಹಿಡಿದು ಆರ್‌ಟಿಒಗೆ ಲಿಖಿತ ದೂರು ಕೊಡಿ.